ಕಡತದ ಕಾಪು

ಕಡತ ಎಂಬ ಮಾತನ್ನು ನಾವು ಇಂದು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಕಚೇರಿಯ ಕಪಾಟಿನಲ್ಲಿ ದಾರದಿಂದ ಕಟ್ಟಿಟ್ಟ ಕಾಗದಗಳ ಕಟ್ಟು ಒಂದು. ಕಂಪ್ಯೂಟರಿನ ಒಳಗೆ ಹೆಸರು ಕೊಟ್ಟು ಉಳಿಸಿಟ್ಟ ಬರಹ, ಲೆಕ್ಕ, ಚಿತ್ರ ಇನ್ನೊಂದು. ಆದರೆ ಈ ಮಾತಿನ ಮೂಲವಸ್ತು ಇವೆರಡೂ ಅಲ್ಲ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಕರಿಯ ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ವರ್ತಕರ ಲೆಕ್ಕಪತ್ರಗಳೂ ಮಠಗಳ ಆದಾಯವೆಚ್ಚಗಳೂ ಅದರಲ್ಲಿ ಇರುತ್ತಿದ್ದವು. ಬೇಡವಾದುದನ್ನು ಒರಸಿ ಅದೇ ಸ್ಥಳದಲ್ಲಿ ಮತ್ತೆ ಬರೆಯುವ ಅನುಕೂಲ ಅದಕ್ಕಿತ್ತು. ಅನುಕೂಲದೊಡನೆ ಅಪಾಯವೂ ಇತ್ತು. ಒದ್ದೆಯ ಕೈ ತಗುಲಿದರೆ ಸಾಕು, ಒಂದು ಸಾಲು ಹೋಯಿತು. ಇಂದಿನ ಕಂಪ್ಯೂಟರಿನ ಡಿಸ್ಕು ಗುಣದಲ್ಲಿ ಈ ಹಳೆಯ ಕಡತಕ್ಕೆ ತೀರ ದೂರದ ನೆಂಟನೇನೂ ಅಲ್ಲ. ಎರಡರಲ್ಲಿಯೂ ಬರೆಯುವುದು ಸುಲಭ, ಅಳಿಯುವುದು ಇನ್ನೂ ಸುಲಭ.

ಅಳಿಯಬಲ್ಲ ಬರಹವನ್ನು ನೆಚ್ಚಿದವರು ಅದಕ್ಕೊಂದು ಪ್ರತಿಯನ್ನು ಮಾಡಿ ಬೇರೆಡೆ ಇಡಲೇಬೇಕು. ಪ್ರತಿ ಮಾಡುವ ಕೆಲಸಕ್ಕೆ ನಮ್ಮ ವಿಜಾಪುರ ಸೀಮೆಯಲ್ಲಿ ಎಷ್ಟು ಮಾತುಗಳು ಕೂಡಿಕೊಂಡಿವೆ ನೋಡಿರಿ. ಆದಿಲಶಾಹಿಗಳ ಕಾಲದ ಆಡಳಿತದಿಂದ ಬಳಕೆಗೆ ಬಂದ ಅರಬ್ಬೀ ಪಾರಸೀ ಮಾತುಗಳಲ್ಲಿ 'ನಕಲು' ಒಂದು, 'ದಫ್ತರ' ಇನ್ನೊಂದು. ಈ ದಫ್ತರವೆಂಬುದು ಪಾರಸಿಗೂ ಮೂಲದಲ್ಲಿ ತನ್ನದಲ್ಲ. ತೊಗಲು ಎಂಬ ಅರ್ಥವುಳ್ಳ ಗ್ರೀಕ್ ಮಾತಿನಿಂದ ಅಲ್ಲಿಗೆ ಬಂದುದು. ತೊಗಲಿನ ಮೇಲೆ ಬರೆಯುತ್ತಿದ್ದ ಕಾಲದ ನೆನಪು ನಮ್ಮ ಹಳ್ಳಿಯ ಚಾವಡಿಯವರೆಗೂ ನಡೆದು ಬಂದಿದೆ. ಇನ್ನು ಮುಳವಾಡದಲ್ಲಾಗಲಿ, ಬಸವನ ಬಾಗೇವಾಡಿಯಲ್ಲಾಗಲಿ, ಇಂಡಿ ಸಿಂದಗಿಗಳಲ್ಲಾಗಲಿ, ರೈತನು ತನ್ನ ಹೊಲದ ಪಹಣಿಯನ್ನು 'ಉತಾರ' ಎಂದು ಕರೆಯುತ್ತಾನೆ. ಮರಾಠಿಯಿಂದ ಬಂದ ಈ ಮಾತಿಗೆ 'ಇಳಿಸಿಕೊಂಡದ್ದು', ಎಂದರೆ ಮೂಲದ ಪುಸ್ತಕದಿಂದ ಎತ್ತಿ ಬರೆದುಕೊಂಡ ನಕಲು ಎಂದೇ ಅರ್ಥ. ಹೊಲದ ಒಡೆತನಕ್ಕೆ ರೈತನ ಕೈಯಲ್ಲಿರುವ ಆಧಾರದ ಹೆಸರೇ 'ಪ್ರತಿ' ಎಂದಾಯಿತು!

ಪ್ರತಿ ಎಂದ ಮಾತ್ರಕ್ಕೆ ಎಲ್ಲವೂ ಪ್ರತಿಯಲ್ಲ. ಮೂಲ ಹೋದ ದಿನ ಅದರ ಸ್ಥಾನದಲ್ಲಿ ನಿಲ್ಲಬಲ್ಲುದು ಮಾತ್ರ ಪ್ರತಿ. ಹಾಗೆ ನಿಲ್ಲಬೇಕಾದರೆ ಅದನ್ನು ಇಟ್ಟುಕೊಂಡ ಮನೆಯವರಿಗೆ ಅದು ಓದಲು ಬರಬೇಕು. ಮೂಲದಲ್ಲಿ ಏನೇನಿತ್ತೋ ಅದೆಲ್ಲ ಅದರಲ್ಲಿ ಇರಬೇಕು. ಇವೆರಡು ಷರತ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಡತವನ್ನು ಸಾಗಿಸಿ ಕಾಪಾಡುವ ವಿದ್ಯೆ ಹೇಗೆ ಬೆಳೆದು ಬಂದಿತೆಂಬುದನ್ನು ನೀವು ತಿಳಿಯಬೇಕೆಂಬುದೇ ಈ ಲೇಖನದ ಉದ್ದೇಶ. ಇಂದು ನಿಮ್ಮ ಮಕ್ಕಳ ಅಂಕಪಟ್ಟಿ, ಮನೆಯ ಕ್ರಯಪತ್ರದ ಚಿತ್ರ, ಮದುವೆಯ ಭಾವಚಿತ್ರ, ಹೊಲದ ಉತಾರ ಎಲ್ಲವೂ ಇಂಥ ಕಡತಗಳಾಗಿಯೇ ಇರುವುದರಿಂದ ಇದು ಯಂತ್ರಶಾಸ್ತ್ರಿಗಳಿಗೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ.

ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರನ್ನು ಇಲ್ಲಿ ನೆನೆಯಬೇಕು. ಮನೆಮನೆಗಳಲ್ಲಿ, ಮಠಮಠಗಳಲ್ಲಿ ಚದುರಿಹೋಗಿದ್ದ ವಚನಗಳ ಓಲೆಗರಿಗಳನ್ನು ಅವರು ಕಲೆಹಾಕಿದರು. ಓದಿ, ಬಿಡಿಸಿ, ಎತ್ತಿ ಬರೆದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುಂದೆ ತಮ್ಮದೇ ಮುದ್ರಣಾಲಯವನ್ನು ತೆರೆದರು. ಓಲೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆಯ ಕೈಬರಹದ್ದು; ಪದಚ್ಛೇದವಿಲ್ಲ, ಪಾಠಗಳಲ್ಲಿ ವ್ಯತ್ಯಾಸ. ಬಲ್ಲವರು ಓದಿ ಬಿಡಿಸದೆ ಇದ್ದ ಪಕ್ಷದಲ್ಲಿ ಓಲೆ ಉಳಿದೂ ಅದರಲ್ಲಿಯ ಮಾತು ಉಳಿಯುತ್ತಿರಲಿಲ್ಲ. ಅಚ್ಚಾದ ಮೇಲೆ ಅದೇ ವಚನ ಧಾರವಾಡದಲ್ಲಿಯೂ ಮೈಸೂರಿನಲ್ಲಿಯೂ ಒಂದೇ ರೂಪದಲ್ಲಿ ಓದಲು ಸಿಕ್ಕಿತು. ಪ್ರತಿಗಳ ಸಂಖ್ಯೆ ಹೆಚ್ಚಿದ್ದು ಒಂದು ಲಾಭ. ಎಲ್ಲರೂ ಓದಬಲ್ಲ ರೂಪಕ್ಕೆ ಬಂದದ್ದು ಅದಕ್ಕಿಂತ ದೊಡ್ಡ ಲಾಭ.

ಅಲ್ಲಿಂದ ಎಂಟು ದಶಕಗಳೊಳಗಾಗಿ ಬರಹವು ಯಂತ್ರದೊಳಕ್ಕೆ ಹೋಯಿತು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಲ್ಲಿ, ಶತಮಾನ ತಿರುಗುವ ವೇಳೆಗೆ, 177 ತಾಲೂಕುಗಳ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಶಾನುಭೋಗರ ಕಾಲದಿಂದ ಬಟ್ಟೆಯ ಗಂಟಿನಲ್ಲಿ ಬರುತ್ತಿದ್ದ ದಫ್ತರ ತಾಲೂಕು ಕಚೇರಿಯ ಪೆಟ್ಟಿಗೆಯೊಂದರಲ್ಲಿ ಅಡಗಿತು. ಗಂಟು ಸುಟ್ಟರೆ ಒಂದು ಹಳ್ಳಿಯ ಲೆಕ್ಕ ಹೋಗುತ್ತಿತ್ತು. ಪೆಟ್ಟಿಗೆ ಕೆಟ್ಟರೆ ತಾಲೂಕಿನ ಲೆಕ್ಕವೇ ಹೋದೀತು. ಆದ್ದರಿಂದ ಪ್ರತಿ ತೆಗೆಯುವ ಕೆಲಸ ಮೊದಲಿಗಿಂತ ಹೆಚ್ಚು ಜವಾಬ್ದಾರಿಯದಾಯಿತು. ಈ ಕೆಲಸಕ್ಕೆಂದೇ ರಚಿತವಾದ ತಂತ್ರಾಂಶಗಳಿಗೆ ಬ್ಯಾಕಪ್ ತಂತ್ರಾಂಶಗಳೆಂದು ಹೆಸರು. ನಿಯಮಿತ ವೇಳೆಗೆ ತಾವೇ ಎದ್ದು, ಜಾಲದಲ್ಲಿರುವ ಕಂಪ್ಯೂಟರುಗಳನ್ನೆಲ್ಲ ಸುತ್ತಿ, ಹೊಸದಾಗಿ ಬದಲಾದ ಕಡತಗಳನ್ನು ಎತ್ತಿಕೊಂಡು ಬೇರೊಂದು ಕಡೆ ಇಡುವುದು ಅವುಗಳ ಕೆಲಸ.

ಕೇಳಲು ಸುಲಭ. ಆದರೆ ಕಂಪ್ಯೂಟರುಗಳೆಲ್ಲ ಒಂದೇ ಮನೆತನದವಲ್ಲ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಮತ್ತೊಂದರಲ್ಲಿ ಆಪಲ್ ಸಂಸ್ಥೆಯ ಮ್ಯಾಕ್, ಹೀಗೆ ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳು. ಒಂದೊಂದೂ ಕಡತವನ್ನು ಇಡುವ ರೀತಿ ಬೇರೆ, ಕೇಳಿದವರಿಗೆ ಕೊಡುವ ರೀತಿ ಬೇರೆ. ಇದರ ತೊಡಕು ತಿಳಿಯಬೇಕಾದರೆ ನಮ್ಮ ರೈಲುಹಾದಿಯ ಇತಿಹಾಸವನ್ನೇ ನೋಡಬಹುದು. ಗದಗಿನಿಂದ ಬಾಗಲಕೋಟೆ, ಮುಳವಾಡ, ವಿಜಾಪುರ, ಇಂಡಿಗಳ ಮೇಲೆ ಹಾಯ್ದು ಹೊಟಗಿಯನ್ನು ಸೇರುವ ಹಾದಿ 1880ರ ದಶಕದಲ್ಲಿ ಹಾಕಿದ್ದು. ಅದು ಮೀಟರ್ ಗೇಜ್, ಎಂದರೆ ಹಳಿಗಳ ನಡುವೆ 1 ಮೀಟರ್ ಅಂತರ. ಹೊಟಗಿಯಲ್ಲಿ ಅದನ್ನು ಕೂಡುತ್ತಿದ್ದ ಮುಂಬಯಿಯ ಹಾದಿಯಾದರೋ ಬ್ರಾಡ್ ಗೇಜ್, 1.676 ಮೀಟರ್ ಅಂತರ. ನಮ್ಮ ಕಡೆಯ ಗಾಡಿ ಆ ಹಳಿಯ ಮೇಲೆ ಏರುವಂತಿರಲಿಲ್ಲ. ಹತ್ತಿಯ ಅಂಡಿಗೆಯಾಗಲಿ ಜೋಳದ ಚೀಲವಾಗಲಿ ಒಂದು ಗಾಡಿಯಿಂದ ಇಳಿದು ಇನ್ನೊಂದಕ್ಕೆ ಏರಲೇಬೇಕು. ಸರಕು ಕೈ ಬದಲಾದೆಡೆ ಚೀಲ ಹರಿಯಬಹುದು, ಗುರುತಿನ ಚೀಟಿ ಉದುರಬಹುದು. 2000ದ ದಶಕದಲ್ಲಿ ಈ ಹಾದಿಯೂ ಬ್ರಾಡ್ ಗೇಜಿಗೆ ಬದಲಾಗುವವರೆಗೆ ಈ ತಾಪತ್ರಯ ಪೂರ್ತಿಯಾಗಿ ತಪ್ಪಲಿಲ್ಲ. ಕಂಪ್ಯೂಟರ್ ಜಾಲಗಳಲ್ಲಿ ಹಳಿಯ ಸ್ಥಾನದಲ್ಲಿರುವುದು ಪ್ರೋಟೋಕಾಲ್ ಎಂಬ ಒಡಂಬಡಿಕೆ. ಕಡತವನ್ನು ಹೇಗೆ ಕೇಳಬೇಕು, ಹೇಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಎರಡು ಯಂತ್ರಗಳು ಮೊದಲೇ ಒಪ್ಪಿಕೊಂಡಿರುವ ಕಟ್ಟಳೆ ಅದು.

ಈ ಕಟ್ಟಳೆಗಳಲ್ಲಿ ಎರಡು ಮುಖ್ಯವಾದವು ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಒಂದನ್ನೊಂದು ಕೇಳದೆ ಹುಟ್ಟಿದವು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ಯೂನಿಕ್ಸ್ ಯಂತ್ರಗಳಿಗಾಗಿ 1984ರ ಸುಮಾರಿಗೆ ಸಿದ್ಧಪಡಿಸಿದ್ದು ನೆಟ್‌ವರ್ಕ್ ಫೈಲ್ ಸಿಸ್ಟಮ್, ಸಂಕ್ಷೇಪವಾಗಿ ಎನ್.ಎಫ್.ಎಸ್. ದೂರದ ಯಂತ್ರದ ಕಡತವು ತನ್ನ ಮನೆಯ ಕಪಾಟಿನಲ್ಲಿಯೇ ಇದೆಯೋ ಎಂಬಂತೆ ಬಳಸುವವನಿಗೆ ಅದು ತೋರಿಸುತ್ತಿತ್ತು. ಸನ್ ಸಂಸ್ಥೆ ಈ ಕಟ್ಟಳೆಯನ್ನು ಗುಟ್ಟಾಗಿಡಲಿಲ್ಲ; 1989ರ ಮಾರ್ಚಿನಲ್ಲಿ ಅದರ ಎರಡನೆಯ ಆವೃತ್ತಿ ಸಾರ್ವಜನಿಕ ಲೇಖ್ಯವಾಗಿ ಪ್ರಕಟವಾಯಿತು. ಬೇರೆ ಸಂಸ್ಥೆಗಳವರೂ ಓದಿ ತಮ್ಮ ಯಂತ್ರಗಳಿಗೆ ಅಳವಡಿಸಿಕೊಂಡರು. ಇನ್ನೊಂದು ಕಡೆ, ಐ.ಬಿ.ಎಂ. ಸಂಸ್ಥೆಯಲ್ಲಿ ಬ್ಯಾರಿ ಫೈಗನ್‌ಬಾಮ್ ಎಂಬವರು 1980ರ ದಶಕದ ಆರಂಭದಲ್ಲಿ ಸಣ್ಣ ಕಂಪ್ಯೂಟರುಗಳಿಗಾಗಿ ಸರ್ವರ್ ಮೆಸೇಜ್ ಬ್ಲಾಕ್ ಎಂಬುದನ್ನು ರಚಿಸಿದರು. ಈ ಎಸ್.ಎಂ.ಬಿ.ಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಎತ್ತಿಕೊಂಡು ಬೆಳೆಸಿ ವಿಂಡೋಸಿನ ಭಾಗವಾಗಿ ಮಾಡಿತು. ಆಪಲ್ ಸಂಸ್ಥೆ ತನ್ನ ಯಂತ್ರಗಳಿಗೆ ಮೂರನೆಯದಾದ ಎ.ಎಫ್.ಪಿ. ಎಂಬುದನ್ನು ಇಟ್ಟುಕೊಂಡಿತು. ಮೂರು ಹಳಿ, ಮೂರು ಅಳತೆ.

ಈ ಹಳಿಗಳ ನಡುವಣ ಮೊದಲ ಗಟ್ಟಿ ಸೇತುವೆಯನ್ನು ಕಟ್ಟಿದವರಲ್ಲಿ ಒಬ್ಬನು ವಿದ್ಯಾರ್ಥಿಯಾಗಿದ್ದನೆಂಬುದು ಗಮನಿಸತಕ್ಕ ಸಂಗತಿ. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್, 1991ರ ಕೊನೆಯಲ್ಲಿ ತನ್ನ ಸಣ್ಣ ಕಂಪ್ಯೂಟರಿನಿಂದ ವಿಶ್ವವಿದ್ಯಾಲಯದ ಯೂನಿಕ್ಸ್ ಯಂತ್ರದ ಕಡತಗಳನ್ನು ಕಾಣಬೇಕೆಂದು ಬಯಸಿದನು. ಎದುರು ಪಕ್ಷದ ಕಟ್ಟಳೆ ಬರಹದಲ್ಲಿ ಅವನ ಕೈಗೆ ಸಿಕ್ಕಿರಲಿಲ್ಲ. ಆದ್ದರಿಂದ ತಂತಿಯ ಮೇಲೆ ಎರಡು ಯಂತ್ರಗಳು ಆಡಿಕೊಳ್ಳುವ ಮಾತನ್ನು ಆಲಿಸಿದನು. ಈ ಪ್ರಶ್ನೆಗೆ ಈ ಉತ್ತರ, ಈ ಸಂಜ್ಞೆಗೆ ಈ ಅರ್ಥ ಎಂದು ಕ್ರಮವಾಗಿ ಗುರುತುಮಾಡಿಕೊಂಡನು. ವ್ಯಾಕರಣದ ಪುಸ್ತಕವಿಲ್ಲದೆ ಸಂತೆಯಲ್ಲಿ ಕಿವಿಗೊಟ್ಟು ನಿಂತು ಪರಭಾಷೆಯನ್ನು ಕಲಿತವರನ್ನು ನಮ್ಮ ಗಡಿ ಊರುಗಳಲ್ಲಿ ನೀವು ಕಂಡಿರಬಹುದು, ಕ್ರಮ ಅದೇ. ಈ ಕೆಲಸವೇ ಬೆಳೆದು 'ಸಾಂಬಾ' ಎಂಬ ತಂತ್ರಾಂಶವಾಯಿತು. ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಶಬ್ದವನ್ನು ನಿಘಂಟಿನಲ್ಲಿ ಹುಡುಕಿಸಿದಾಗ ಸಿಕ್ಕಿದ ಹೆಸರು ಅದು. ಸಾಂಬಾ ಬಂದ ಮೇಲೆ ಯೂನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳು ವಿಂಡೋಸಿನ ಕಣ್ಣಿಗೆ ಇನ್ನೊಂದು ವಿಂಡೋಸಿನಂತೆಯೇ ಕಾಣಿಸಿಕೊಂಡವು.

ಆದರೂ ಕಿವಿಯಿಂದ ಕಲಿತ ಭಾಷೆಯಲ್ಲಿ ಸಂದೇಹಗಳು ಉಳಿಯದೆ ಇರುವುದಿಲ್ಲ. ಐರೋಪ್ಯ ಆಯೋಗವು 2004ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿರುದ್ಧ ಕೊಟ್ಟ ತೀರ್ಪಿನಲ್ಲಿ, ಬೇರೆಯವರ ಯಂತ್ರಗಳು ವಿಂಡೋಸಿನೊಡನೆ ವ್ಯವಹರಿಸಲು ಬೇಕಾದ ವಿವರಗಳನ್ನು ಹೊರಗೆ ಕೊಡಬೇಕೆಂದು ವಿಧಿಸಿತು. 2007ರ ಸೆಪ್ಟೆಂಬರಿನಲ್ಲಿ ಐರೋಪ್ಯ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಾಂಬಾ ತಂಡಕ್ಕೆ, 10,000 ಯೂರೋ ಶುಲ್ಕದ ಮೇಲೆ, ಲಿಖಿತ ವಿವರಗಳು ದೊರೆತವು. ಹದಿನಾರು ವರ್ಷ ಕೇಳಿ ಕಲಿತ ಭಾಷೆಗೆ ಆಗ ವ್ಯಾಕರಣದ ಪುಸ್ತಕ ಸಿಕ್ಕಿದಂತಾಯಿತು.

ಹಳಿಗಳಿಗೆ ಸೇತುವೆಯಾಯಿತು, ಇನ್ನು ಸರಕನ್ನು ನೋಡೋಣ. ಕಡತವೆಂದರೆ ಒಳಗಿನ ಬರಹವೊಂದೇ ಅಲ್ಲ. ಅದಕ್ಕೊಬ್ಬ ಒಡೆಯನಿರುತ್ತಾನೆ, ಓದಬಲ್ಲವರ ಮತ್ತು ತಿದ್ದಬಲ್ಲವರ ಪಟ್ಟಿ ಇರುತ್ತದೆ, ಬರೆದ ವೇಳೆಯ ಮುದ್ರೆ ಇರುತ್ತದೆ, ಎಲ್ಲಕ್ಕಿಂತ ಮೊದಲು ಒಂದು ಹೆಸರಿರುತ್ತದೆ. ಬ್ಯಾಕಪ್ ತಂತ್ರಾಂಶದ ಕಷ್ಟವೆಲ್ಲ ಇಲ್ಲಿದೆ. ಬರಹ ಸಾಗಿ, ಉಳಿದುದು ಹೊಟಗಿಯ ನಿಲ್ದಾಣದಲ್ಲಿಯೇ ಉದುರಿಹೋದರೆ, ಮೂಲ ಕೆಟ್ಟ ದಿನ ಪ್ರತಿಯಿಂದ ಮನೆಯನ್ನು ಮೊದಲಿನಂತೆ ಕಟ್ಟಲು ಬರುವುದಿಲ್ಲ.

ಮೊದಲು ಹಕ್ಕಿನ ಮಾತು. ಯೂನಿಕ್ಸಿನ ಹಳೆಯ ಪದ್ಧತಿಯಲ್ಲಿ ಒಡೆಯ, ಅವನ ಗುಂಪು, ಉಳಿದ ಲೋಕ ಎಂದು ಮೂರೇ ವರ್ಗ. ಓದು, ಬರೆ, ನಡೆಸು ಎಂದು ಮೂರೇ ಅಧಿಕಾರ. ಒಟ್ಟು ಒಂಬತ್ತು ಗುರುತು. ವಿಂಡೋಸಿನಲ್ಲಿಯಾದರೋ ಒಬ್ಬೊಬ್ಬರ ಹೆಸರಿನ ಮುಂದೆಯೂ ಬೇರೆ ಬೇರೆ ಅಧಿಕಾರವನ್ನು ಬರೆದಿಡುವ ಉದ್ದನೆಯ ಪಟ್ಟಿ. ಈ ಪಟ್ಟಿಯನ್ನು ಒಂಬತ್ತು ಗುರುತಿಗೆ ಇಳಿಸಿದರೆ ಉಳಿದುದು ಹೋಯಿತೆಂದೇ ಲೆಕ್ಕ. ಎನ್.ಎಫ್.ಎಸ್.ನಲ್ಲಿ ಇನ್ನೂ ಒಂದು ಎಚ್ಚರಿಕೆಯ ಕಟ್ಟಳೆಯುಂಟು. ಬೇರೆ ಯಂತ್ರದ ಸರ್ವಾಧಿಕಾರಿ ಬಂದು ಬಾಗಿಲು ತಟ್ಟಿದರೆ ಅವನನ್ನು ಸರ್ವಾಧಿಕಾರಿಯೆಂದು ಮನ್ನಿಸದೆ, ಯಾರೂ ಅಲ್ಲದ ಅನಾಮಿಕನೆಂದೇ ಎಣಿಸಬೇಕು. ಕಳ್ಳರ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ರಾತ್ರಿ ಪ್ರತಿ ತೆಗೆಯಲು ಬರುವ ಬ್ಯಾಕಪ್ ತಂತ್ರಾಂಶವೂ ಬಾಗಿಲಲ್ಲಿ ಅನಾಮಿಕನಾಗಿಬಿಡುತ್ತದೆ. ಎಲ್ಲರಿಗೂ ತೆರೆದ ಕಡತಗಳು ಮಾತ್ರ ಅದಕ್ಕೆ ಸಿಗುತ್ತವೆ. ಗುಟ್ಟಿನವು, ಎಂದರೆ ಸಾಮಾನ್ಯವಾಗಿ ಬೆಲೆಯುಳ್ಳವು, ಬಿಟ್ಟುಹೋಗುತ್ತವೆ.

ಎರಡನೆಯದು ಕಾಲ. ಹಿಂದಿನ ಸಲ ಕಂಡ ವೇಳೆಯ ಮುದ್ರೆಗೂ ಈಗಿನದಕ್ಕೂ ಭೇದವಿದ್ದರೆ ಕಡತ ಬದಲಾಗಿದೆಯೆಂದು ತಂತ್ರಾಂಶ ತಿಳಿಯುತ್ತದೆ. ಪೆನ್ ಡ್ರೈವುಗಳಲ್ಲಿ ಬಳಕೆಯಲ್ಲಿರುವ ಹಳೆಯ ಫ್ಯಾಟ್ ಪದ್ಧತಿಯಾದರೋ ಕಡತವನ್ನು ತಿದ್ದಿದ ವೇಳೆಯನ್ನು ಎರಡು ಸೆಕೆಂಡಿಗೊಮ್ಮೆ ಮಾತ್ರ ಎಣಿಸುತ್ತದೆ. ಲಿನಕ್ಸಿನಿಂದ ಅಲ್ಲಿಗೆ ಹೋದ ಕಡತದ ವೇಳೆ ಒಂದು ಸೆಕೆಂಡು ಅತ್ತಿತ್ತ ಆದೀತು; ಬದಲಾಗದ ಕಡತವೂ ಬದಲಾದಂತೆ ಕಂಡು ದಿನವೂ ಎಲ್ಲವನ್ನೂ ಮತ್ತೆ ಮತ್ತೆ ಹೊರುವ ಕೆಲಸವಾದೀತು. ಟ್ರಿಜೆಲ್ ಮತ್ತು ಪಾಲ್ ಮೆಕ್ಕೆರಾಸ್ ಇಬ್ಬರೂ ಕೂಡಿ 1996ರಲ್ಲಿ ಹೊರತಂದ 'ಆರ್‌ಸಿಂಕ್' ಎಂಬ ತಂತ್ರಾಂಶದಲ್ಲಿ, ಇಷ್ಟು ಅಲ್ಪ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಹೇಳಲು ಪ್ರತ್ಯೇಕ ಅವಕಾಶವಿದೆ. ಕಡತದಲ್ಲಿ ಬದಲಾದ ತುಣುಕುಗಳನ್ನು ಮಾತ್ರ ಗುರುತಿಸಿ ಸಾಗಿಸುವುದು ಅದರ ಹೆಚ್ಚುಗಾರಿಕೆ.

ಮೂರನೆಯದು ಹೆಸರು. ಇದು ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿದೆ. ಲಿನಕ್ಸಿಗೆ ಅವು ಬೇರೆ ಬೇರೆ ಹೆಸರು, ವಿಂಡೋಸಿಗೆ ಸಾಮಾನ್ಯವಾಗಿ ಒಂದೇ ಹೆಸರು. ನಮ್ಮ ಲಿಪಿಗೆ ಆ ಕಾಟವಿಲ್ಲ. ಇರುವ ಕಾಟ ಬೇರೆ. 1991ರಲ್ಲಿ ಯೂನಿಕೋಡ್ ಎಂಬ ಸರ್ವಲಿಪಿಸಂಹಿತೆಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ 'ಕೋ' ಎಂಬ ಅಕ್ಷರವನ್ನು ಎರಡು ರೀತಿಯಿಂದ ಬರೆಯಬಹುದು. ಕಕಾರಕ್ಕೆ ಓತ್ವದ ದೀರ್ಘವೆಂಬ ಒಂದೇ ಚಿಹ್ನೆಯನ್ನು ಹಚ್ಚುವುದು ಒಂದು ರೀತಿ. ಕಕಾರಕ್ಕೆ ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಚಿಹ್ನೆಗಳನ್ನು ಬಿಡಿಬಿಡಿಯಾಗಿ ಹಚ್ಚುವುದು ಇನ್ನೊಂದು ರೀತಿ. ಗಾಂವಟಿ ಶಾಲೆಯಲ್ಲಿ ಮಗು ಮರಳಿನ ಮೇಲೆ ತಿದ್ದುತ್ತಿದ್ದಂತೆಯೇ ಇದೂ ಸರಿ, ಅದೂ ಸರಿ. ಕಣ್ಣಿಗೆ ಎರಡೂ ಒಂದೇ 'ಕೋ'. ಯಂತ್ರಕ್ಕೆ ಮಾತ್ರ ಎರಡೂ ಬೇರೆ ಬೇರೆ ಅಂಕಿಗಳ ಸಾಲು.

ಆಪಲ್ ಸಂಸ್ಥೆ 1998ರಲ್ಲಿ ತಂದು ಸುಮಾರು ಎರಡು ದಶಕ ಬಳಸಿದ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸೂ ವಿಂಡೋಸೂ ಕೊಟ್ಟುದನ್ನು ಕೊಟ್ಟ ಹಾಗೆ ಇಡುತ್ತವೆ. ನಮ್ಮ ಕೀಲಿಮಣೆಗಳಿಂದ ಸಾಮಾನ್ಯವಾಗಿ ಬರುವುದು ಕೂಡಿದ ರೂಪ. ಆದ್ದರಿಂದ 'ಕೋಲಾರ' ಎಂಬ ಹೆಸರಿನ ಕಡತವು ಮ್ಯಾಕಿನಿಂದ ಲಿನಕ್ಸಿಗೆ ಹೋದಾಗ, ಅಲ್ಲಿ ಮೊದಲೇ ಇದ್ದ 'ಕೋಲಾರ'ದ ಪಕ್ಕದಲ್ಲಿ ಎರಡನೆಯ 'ಕೋಲಾರ'ವಾಗಿ ಕುಳಿತುಕೊಳ್ಳಬಹುದು. ಯಾವುದು ಹೊಸತು, ಯಾವುದು ಹಳತು ಎಂಬುದು ನೋಡುವವನಿಗೆ ತಿಳಿಯದು. 'ಕಾರವಾರ'ಕ್ಕೆ ಈ ಗಂಡಾಂತರವಿಲ್ಲ, ಏಕೆಂದರೆ ಆಕಾರದ ಚಿಹ್ನೆಗೆ ಬಿಡಿಸಿದ ರೂಪವಿಲ್ಲ. 'ಬೀದರ', 'ಬೇಲೂರು', 'ಮೈಸೂರು', 'ಕೊಪ್ಪಳ'ಗಳಿಗೆ ಮಾತ್ರ ಉಂಟು. 2008ರಲ್ಲಿ ಹೊರಬಂದ ಆರ್‌ಸಿಂಕಿನ ಮೂರನೆಯ ಆವೃತ್ತಿಯಿಂದ ಹೆಸರನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ಅನುಕೂಲ ಬಂದಿತು. ಎನ್.ಎಫ್.ಎಸ್.ನ ಹಳೆಯ ಆವೃತ್ತಿಗಳು ಹೆಸರನ್ನು ಯಾವ ಲಿಪಿಯದೆಂದು ಕೇಳದೆ ಬರಿಯ ಅಂಕಿಗಳ ಸಾಲಾಗಿ ಸಾಗಿಸುತ್ತಿದ್ದವು. ನಾಲ್ಕನೆಯ ಆವೃತ್ತಿಯಲ್ಲಿ, 2000ದ ದಶಕದ ಆರಂಭದಲ್ಲಿ, ಹೆಸರು ಯೂನಿಕೋಡಿನಲ್ಲಿರತಕ್ಕದ್ದೆಂದು ಬರೆದಿಟ್ಟರು.

ಹೆಸರಿನ ಉದ್ದದಲ್ಲಿಯೂ ಒಂದು ತೊಡಕುಂಟು. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿ ಹೆಸರಿಗೆ 255 ಬೈಟುಗಳ ಮಿತಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಪ್ರತಿಯೊಂದು ಗುಣಿತಚಿಹ್ನೆಗೂ ಮೂರು ಮೂರು ಬೈಟು ಬೇಕು. 'ಮುಳವಾಡ' ಎಂಬ ನಾಲ್ಕಕ್ಷರದ ಹೆಸರು ಯಂತ್ರದ ಎಣಿಕೆಯಲ್ಲಿ ನಾಲ್ಕು ವ್ಯಂಜನ, ಎರಡು ಚಿಹ್ನೆ, ಒಟ್ಟು 18 ಬೈಟು. ವಿಂಡೋಸಿನ ಎನ್.ಟಿ.ಎಫ್.ಎಸ್. ಪದ್ಧತಿಯಾದರೋ ಬೈಟುಗಳನ್ನು ಎಣಿಸದೆ ಇಂಥ ಘಟಕಗಳನ್ನೇ ಎಣಿಸಿ 255ರವರೆಗೆ ಅವಕಾಶ ಕೊಡುತ್ತದೆ. ಆದ್ದರಿಂದ ವಿಂಡೋಸಿನಲ್ಲಿ ಸುಖವಾಗಿದ್ದ ಉದ್ದನೆಯ ಕನ್ನಡ ಹೆಸರು, 85 ಘಟಕಗಳನ್ನು ಮೀರಿದ್ದರೆ, ಲಿನಕ್ಸಿನ ಉಗ್ರಾಣದಲ್ಲಿ ಹಿಡಿಸದೆ ಹೊರಗೆ ಉಳಿಯುತ್ತದೆ. ಸರ್ಕಾರಿ ಸುತ್ತೋಲೆಯ ವಿಷಯವನ್ನು ಇಡಿಯಾಗಿ ಕಡತಕ್ಕೆ ಹೆಸರಾಗಿ ಕೊಡುವ ಅಭ್ಯಾಸವುಳ್ಳವರು ಇದನ್ನು ನೆನಪಿಡಬೇಕು.

ಬ್ಯಾಕಪ್ ತಂತ್ರಾಂಶಗಳನ್ನು ಮಾಡಿದವರು ಈ ತೊಡಕುಗಳಿಗೆ ಎರಡು ದಾರಿಗಳನ್ನು ಹಿಡಿದರು. ಎದುರು ಮನೆಯ ಕಟ್ಟಳೆಯಲ್ಲಿಯೇ ಮಾತಾಡಿ ಹೊರಗಿನಿಂದ ಕಡತವನ್ನು ಕೇಳಿ ಪಡೆಯುವುದು ಮೊದಲನೆಯದು. ಕ್ರೇಗ್ ಬ್ಯಾರಟ್ 2001ರಲ್ಲಿ ಹೊರತಂದ 'ಬ್ಯಾಕಪ್‌ಪಿಸಿ' ಈ ದಾರಿಯದು. ವಿಂಡೋಸಿನ ಹತ್ತಿರ ಸಾಂಬಾದ ಮೂಲಕ, ಯೂನಿಕ್ಸಿನ ಹತ್ತಿರ ಆರ್‌ಸಿಂಕ್ ಮುಂತಾದುವುಗಳ ಮೂಲಕ ಅದು ವ್ಯವಹರಿಸುತ್ತದೆ. ಪ್ರತಿ ಕೊಡುವ ಯಂತ್ರದಲ್ಲಿ ಬೇರೆ ಕಾರಭಾರಿ ಬೇಕಾಗದು. ಆದರೆ ಬಾಗಿಲಿನಿಂದಾಚೆ ಕಾಣುವಷ್ಟೇ ಕಂಡೀತು. ಯಾರಾದರೂ ತೆರೆದು ಬರೆಯುತ್ತಿರುವ ಕಡತ ಕೈಗೆ ಸಿಗದಿರಬಹುದು. ಎರಡನೆಯ ದಾರಿಯೆಂದರೆ ಪ್ರತಿಯೊಂದು ಯಂತ್ರದಲ್ಲಿಯೂ ತನ್ನದೊಬ್ಬ ಕಾರಭಾರಿಯನ್ನು ಕೂರಿಸುವುದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ 'ಅಮಾಂಡಾ' ಯೂನಿಕ್ಸ್ ಯಂತ್ರಗಳಲ್ಲಿ ಹೀಗೆ ಮಾಡಿತು. ಕರ್ನ್ ಸಿಬ್ಬಾಲ್ಡ್ 2000ದಲ್ಲಿ ಆರಂಭಿಸಿದ 'ಬಾಕುಲಾ'ದಲ್ಲಿ ವಿಂಡೋಸಿಗೂ ಲಿನಕ್ಸಿಗೂ ಬೇರೆ ಬೇರೆ ಕಾರಭಾರಿಗಳುಂಟು. ಮನೆಯವನೇ ಆದ್ದರಿಂದ ಅವನಿಗೆ ಹಕ್ಕಿನ ಪಟ್ಟಿಯೂ ತಿಳಿಯುತ್ತದೆ, ತೆರೆದ ಕಡತದ ನೆರಳನ್ನು ಹಿಡಿದುಕೊಡುವಂತೆ ವಿಂಡೋಸನ್ನು ಕೇಳಿಕೊಳ್ಳಲೂ ಬರುತ್ತದೆ. ಆದರೆ ಹೊಸ ಕಾರ್ಯಾಚರಣ ವ್ಯವಸ್ಥೆ ಬಂದಾಗಲೆಲ್ಲ ಹೊಸ ಕಾರಭಾರಿಯನ್ನು ತಯಾರಿಸಬೇಕಾಗುತ್ತದೆ.

ಒಡಂಬಡಿಕೆಗಳಿಗೂ ವಯಸ್ಸಾಗುತ್ತದೆ. ಎಸ್.ಎಂ.ಬಿ.ಯ ಮೊದಲನೆಯ ಆವೃತ್ತಿಯಲ್ಲಿ ನೂರಕ್ಕೂ ಮಿಕ್ಕಿ ಆಜ್ಞೆಗಳು ಕೂಡಿಕೊಂಡಿದ್ದವು. ವಿಂಡೋಸ್ ವಿಸ್ಟಾದೊಡನೆ ಬಂದ ಎರಡನೆಯದರಲ್ಲಿ ಅವು 19ಕ್ಕೆ ಇಳಿದವು. ಆದರೂ ಹಳೆಯದನ್ನು ಯಾರೂ ಮುಚ್ಚಲಿಲ್ಲ. 2017ರ ಮೇ 12ರಂದು 'ವಾನಾಕ್ರೈ' ಎಂಬ ಕಿಡಿಗೇಡಿ ತಂತ್ರಾಂಶವು ವಿಂಡೋಸಿನಲ್ಲಿಯ ಆ ಹಳೆಯ ಆವೃತ್ತಿಯ ಬಿರುಕಿನಿಂದ ನುಗ್ಗಿ, ಲೋಕದ ನಾನಾ ದೇಶಗಳಲ್ಲಿ ಕಡತಗಳಿಗೆ ಬೀಗಹಾಕಿ ಒತ್ತೆಹಣ ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳೇ ರದ್ದಾದವು. ಬಿರುಕಿಗೆ ತೇಪೆಯನ್ನು ಎರಡು ತಿಂಗಳು ಮುಂಚೆಯೇ ಕೊಟ್ಟಿದ್ದರು. ಹಾಕಿಕೊಳ್ಳದವರು ಬಹಳ ಮಂದಿ ಇದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ 10ರ ಆವೃತ್ತಿಯಿಂದ ಹಳೆಯ ಎಸ್.ಎಂ.ಬಿ.ಯನ್ನು ತಾನಾಗಿ ಅಳವಡಿಸುವುದನ್ನು ಬಿಟ್ಟರು. ಆಪಲ್ ಸಂಸ್ಥೆಯೂ 2013ರಿಂದಲೇ ತನ್ನ ಎ.ಎಫ್.ಪಿ.ಯನ್ನು ಹಿಂದಕ್ಕೆ ಸರಿಸಿ ಎಸ್.ಎಂ.ಬಿ.ಯ ಹೊಸ ಆವೃತ್ತಿಗೆ ಮೊದಲ ಮಣೆ ಹಾಕಿತ್ತು. ಹೀಗೆ ಮೂರು ಹಳಿಗಳು ಎರಡಕ್ಕೆ ಬಂದಿವೆ. ಇದು ಒಳ್ಳೆಯದೇ; ಆದರೆ ಹಳೆಯ ಕಟ್ಟಳೆಯೊಂದನ್ನೇ ಬಲ್ಲ ಉಗ್ರಾಣಪೆಟ್ಟಿಗೆಗಳು ಹೊಸ ಕಂಪ್ಯೂಟರಿಗೆ ಕಾಣದಂತಾದವು. ಪ್ರತಿ ಅಲ್ಲಿಯೇ ಇರುತ್ತದೆ, ಬಾಗಿಲು ತೆರೆಯುವುದಿಲ್ಲ.

ಪ್ರತಿ ಇದೆಯೆಂದು ನಂಬಿ ಕುಳಿತವರ ಕಥೆಗಳಲ್ಲಿ ಒಂದನ್ನು ಹೇಳಬೇಕು. ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 1998ರಲ್ಲಿ, ತಯಾರಾಗುತ್ತಿದ್ದ 'ಟಾಯ್ ಸ್ಟೋರಿ 2' ಎಂಬ ಚಲನಚಿತ್ರದ ಕಡತಗಳು ತಪ್ಪು ಆಜ್ಞೆಯೊಂದರಿಂದ ಅಳಿಯತೊಡಗಿದವು. ಬ್ಯಾಕಪ್ಪಿನತ್ತ ಕೈಚಾಚಿದಾಗ ಅದು ಸರಿಯಾಗಿ ನಡೆಯುತ್ತಿರಲಿಲ್ಲವೆಂದು ತಿಳಿಯಿತು. ಬಾಣಂತಿಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್‌ಮನ್ ಎಂಬವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದುದರಿಂದ ಬಹುಭಾಗ ಉಳಿಯಿತು. ಕಚೇರಿಯ ಪ್ರತಿಯನ್ನು ಯಾರೂ ತೆರೆದು ನೋಡಿರಲಿಲ್ಲ. ಮನೆಯ ಪ್ರತಿಯನ್ನು ಅದರ ಒಡತಿ ಕೆಲಸಕ್ಕೆ ಬಳಸುತ್ತಿದ್ದರು. ಉಳಿದದ್ದು ಬಳಕೆಯಲ್ಲಿದ್ದ ಪ್ರತಿ.

ನಿಮ್ಮ ಮನೆಯ ರೇಡಿಯೋ ಯಾವ ಕಂಪನಿಯದಾದರೇನು, ನಿಲಯ ಕಳಿಸಿದ ಅಲೆ ಅದಕ್ಕೆ ತಿಳಿಯುತ್ತದೆ. ಕಳಿಸುವವರೂ ಕೇಳುವವರೂ ಅಲೆಯ ಕಟ್ಟಳೆಯನ್ನು ಮೊದಲೇ ಒಪ್ಪಿದ್ದಾರೆ. ಕಡತಗಳ ಲೋಕ ಆ ಸ್ಥಿತಿಯನ್ನು ಇನ್ನೂ ಪೂರ್ತಿಯಾಗಿ ಮುಟ್ಟಿಲ್ಲ. ಆದ್ದರಿಂದ ಮನೆಗಾಗಲಿ, ಶಾಲೆಗಾಗಲಿ, ಸಹಕಾರಿ ಸಂಘಕ್ಕಾಗಲಿ ಬ್ಯಾಕಪ್ ವ್ಯವಸ್ಥೆಯನ್ನು ಮಾಡಿಸುವಾಗ ಮಾಡುವವರನ್ನು ಮೂರು ಮಾತು ಕೇಳಿರಿ. ನಮ್ಮಲ್ಲಿರುವ ಎಲ್ಲ ಬಗೆಯ ಕಂಪ್ಯೂಟರುಗಳೊಡನೆ ಇದು ಯಾವ ಕಟ್ಟಳೆಯಲ್ಲಿ, ಅದರ ಎಷ್ಟನೆಯ ಆವೃತ್ತಿಯಲ್ಲಿ ಮಾತಾಡುತ್ತದೆ? ಕಡತದ ಒಡೆಯ, ಹಕ್ಕು, ವೇಳೆಗಳನ್ನು ಪ್ರತಿಯೊಡನೆ ಇಡುತ್ತದೆಯೋ, ಬರಿಯ ಬರಹವನ್ನು ಇಡುತ್ತದೆಯೋ? ಕನ್ನಡದ ಹೆಸರುಗಳು ಹೋದ ಹಾಗೆಯೇ ಹಿಂದಿರುಗುತ್ತವೆಯೋ? ಉತ್ತರ ಬಂದ ಮೇಲೆಯೂ ಮಾತಿನ ಮೇಲೆ ಬಿಡಬೇಡಿರಿ. ಮೂರು ತಿಂಗಳಿಗೊಮ್ಮೆ, ಪ್ರತಿ ಇಟ್ಟ ಉಗ್ರಾಣದಿಂದ 'ಕೋ' ಅಥವಾ 'ಬೀ' ಎಂಬ ಅಕ್ಷರವಿರುವ ಹೆಸರಿನ ಕಡತವೊಂದನ್ನು ಆರಿಸಿ, ಬೇರೊಂದು ಬಗೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ತೆರೆದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ನೋಡಿರಿ. ಅರ್ಧ ತಾಸಿನ ಕೆಲಸ. ಅಷ್ಟನ್ನು ಓದಲು ಬಂದಿತೆಂದರೆ ನಿಮ್ಮಲ್ಲಿರುವುದು ಉತಾರವೇ ಸರಿ. ಬಾರದಿದ್ದರೆ ಮೂಲ ಇನ್ನೂ ಚೆನ್ನಾಗಿರುವಾಗಲೇ ಅದನ್ನು ಸರಿಪಡಿಸಿಕೊಳ್ಳಲು ನಿಮಗೆ ಸಮಯವಿರುತ್ತದೆ.